ಮೂರು ವಾರದ ಗಡುವು: ಜೈಲಿನ ಬದಲಿಗೆ ಪ್ರೊಬೇಷನ್ ಹುಟ್ಟಿದ ಬಗೆ

ಪ್ರೊಬೇಷನ್ ಅಂದರೆ ನ್ಯಾಯಾಧೀಶರು ಮನಸ್ಸು ಕರಗಿ ತಪ್ಪಿತಸ್ಥನನ್ನು ಬಿಟ್ಟು ಕಳಿಸುವುದು ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಕೋರ್ಟಿನಲ್ಲಿ ದಿನವೂ ಓಡಾಡುವವರಲ್ಲೂ ಈ ಅಭಿಪ್ರಾಯ ಇದೆ. ಅದು ಹುಟ್ಟಿದ್ದು ಹೇಗೆ ಎಂದು ಹುಡುಕಿಕೊಂಡು ಹೋದರೆ ಸಿಗುವ ಚಿತ್ರ ಬೇರೆ. ಶಿಕ್ಷೆ ಹೇಳುವ ಮುಂಚೆ ಆ ಮನುಷ್ಯನ ಪೂರ್ವಾಪರ ವಿಚಾರಿಸಬೇಕು, ಅವನಿಗೊಂದು ಗಡುವು ಕೊಡಬೇಕು, ಗಡುವಿನ ಉದ್ದಕ್ಕೂ ಯಾರಾದರೂ ಒಬ್ಬರು ಅವನ ಬೆನ್ನಿಗಿದ್ದು ಕೊನೆಗೆ ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು. ಈ ಮೂರೂ ಕೂಡಿ ನಡೆದ ಕಡೆ ಪ್ರೊಬೇಷನ್ ನಿಂತಿದೆ. ಒಂದನ್ನು ಕೈಬಿಟ್ಟಲ್ಲಿ ಉಳಿದದ್ದು ಮುಚ್ಚಳಿಕೆ, ಅಂದರೆ ಸರಿಯಾಗಿ ನಡೆದುಕೊಳ್ಳುತ್ತೇನೆ ಎಂದು ಬರೆದುಕೊಡುವ ಕಾಗದ ಮಾತ್ರ.

ಅಮೆರಿಕದ ಬಾಸ್ಟನ್ ನಗರ, 1841ನೇ ಇಸವಿಯ ಆಗಸ್ಟ್ ತಿಂಗಳು. ಪೊಲೀಸ್ ಕೋರ್ಟಿನ ಹತ್ತಿರ ಬೂಟು ತಯಾರಿಸುವ ಅಂಗಡಿ ಇಟ್ಟುಕೊಂಡಿದ್ದ ಜಾನ್ ಆಗಸ್ಟಸ್ ಅವತ್ತು ಬೆಳಿಗ್ಗೆ ಕೋರ್ಟಿನಲ್ಲಿದ್ದರು. ಅವರು ಪಾನನಿಷೇಧ ಚಳವಳಿಯವರು, ವಾಷಿಂಗ್ಟನ್ ಸಂಪೂರ್ಣ ಮದ್ಯವರ್ಜನ ಸಂಘದ ಸದಸ್ಯರು. ಹರಕು ಬಟ್ಟೆಯ ಒಬ್ಬನನ್ನು ಪೊಲೀಸರು ಎಳೆದು ತಂದರು. ಅವನ ಮೇಲಿದ್ದದ್ದು ನಿತ್ಯಕುಡುಕ ಎಂಬ ಆರೋಪ. ಅಲ್ಲಿ ಆಗ ಅದೇ ಒಂದು ಅಪರಾಧ. ಸಾಬೀತಾದರೆ ಹೌಸ್ ಆಫ್ ಕರೆಕ್ಷನ್ ಎಂಬ ಜೈಲು. ಆ ಜೈಲೊಂದು ತಪ್ಪಿದರೆ ಇನ್ನೆಂದೂ ಹೆಂಡ ಮುಟ್ಟುವುದಿಲ್ಲ ಎಂದು ಆತ ಆಗಸ್ಟಸ್‌ರ ಹತ್ತಿರ ಹೇಳಿದ. ಆ ಮಾತಿನಲ್ಲಿ ಗಟ್ಟಿತನ ಕಂಡ ಆಗಸ್ಟಸ್, ಕೋರ್ಟಿನ ಅನುಮತಿ ಪಡೆದು ಜಾಮೀನು ನಿಂತರು. ಮೂರು ವಾರ ಬಿಟ್ಟು ಶಿಕ್ಷೆಗೆ ಹಾಜರಾಗಬೇಕು ಎಂದು ಆದೇಶವಾಯಿತು. ಕುಡಿಯುವುದಿಲ್ಲ ಎಂಬ ಪ್ರತಿಜ್ಞೆಗೆ ಆತ ಸಹಿ ಹಾಕಿದ.

ಮೂರು ವಾರದ ಮೇಲೆ ಇಬ್ಬರೂ ವಾಪಸು ಬಂದರು. ಇವನೇ ಅವನು ಎಂದು ನಂಬುವುದೇ ಕಷ್ಟ ಎನ್ನುವಷ್ಟು ಬದಲಾಗಿದ್ದ. ನ್ಯಾಯಾಧೀಶರು ಹಾಕಿದ ದಂಡ 1 ಸೆಂಟ್. ಕೋರ್ಟಿನ ಖರ್ಚು ಸೇರಿ ಒಟ್ಟು 3 ಡಾಲರ್ 76 ಸೆಂಟ್. ಅಲ್ಲೇ ಕಟ್ಟಿದರು, ಕೇಸು ಮುಗಿಯಿತು.

ಇಲ್ಲಿ ಕಾನೂನಿನ ದೃಷ್ಟಿಯಿಂದ ಆದದ್ದೇನು ಎಂಬುದನ್ನು ಸ್ವಲ್ಪ ನಿಂತು ನೋಡಿ. ಜಾಮೀನು ಅಂದ ಕೂಡಲೇ ನಮಗೆ ನೆನಪಾಗುವುದು ವಿಚಾರಣೆಗೆ ಮುಂಚಿನ ಜಾಮೀನು. ಆರೋಪಿ ತಪ್ಪಿಸಿಕೊಳ್ಳದೆ ವಿಚಾರಣೆಗೆ ಬರಲಿ ಎಂಬುದಷ್ಟೇ ಅದರ ಉದ್ದೇಶ. ಆಗಸ್ಟಸ್ ಅದೇ ಜಾಮೀನನ್ನು ತಪ್ಪು ತೀರ್ಮಾನವಾದ ಮೇಲೆ, ಶಿಕ್ಷೆ ಹೇಳುವ ಮುಂಚೆ ಬಳಸಿದರು. ಅಪರಾಧಿ ಹೌದು ಎಂಬುದಕ್ಕೂ ಇಷ್ಟು ಶಿಕ್ಷೆ ಎಂಬುದಕ್ಕೂ ನಡುವೆ ಒಂದು ಸಂದು ಇದೆಯಲ್ಲ, ಆ ಸಂದನ್ನು ಹಿಗ್ಗಿಸಿ ಅದರೊಳಗೆ ಮೂರು ವಾರದ ಕೆಲಸ ಮಾಡಿಸಿದರು. ಆ 1 ಸೆಂಟ್ ದಂಡಕ್ಕೂ ಅರ್ಥವಿದೆ. ನ್ಯಾಯಾಧೀಶರು ಶಿಕ್ಷೆಯೇ ಇಲ್ಲದೆ ಬಿಡಲಿಲ್ಲ, ಹೆಸರಿಗೊಂದು ದಂಡ ಹಾಕಿ ಕಡತ ಮುಚ್ಚಿದರು. ಕಾನೂನಿನ ಕಟ್ಟಳೆಯೂ ಪೂರೈಸಿತು, ಮನುಷ್ಯನೂ ಉಳಿದ.

ಆಗಸ್ಟಸ್ ಇದನ್ನೆಲ್ಲ ಶೂನ್ಯದಿಂದ ಸೃಷ್ಟಿಸಿದರು ಎಂದೇನೂ ಅಲ್ಲ. ಸಲಕರಣೆಗಳು ಮೊದಲೇ ಇದ್ದವು. ಸನ್ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರವನ್ನು ಇಂಗ್ಲೆಂಡಿನ ಮ್ಯಾಜಿಸ್ಟ್ರೇಟರು 1361ರ ಕಾಯ್ದೆಯಿಂದಲೇ ಚಲಾಯಿಸುತ್ತ ಬಂದಿದ್ದರು. ಮರಣದಂಡನೆಯನ್ನು ತಾತ್ಕಾಲಿಕವಾಗಿ ತಡೆದು, ರಾಜನಿಗೆ ಕ್ಷಮೆಯ ಅರ್ಜಿ ಹೋಗಲು ಅವಕಾಶ ಕೊಡುವ ಪದ್ಧತಿಯೂ ಇತ್ತು. ಇನ್ನೊಂದು, ಕೇಳಲು ವಿಚಿತ್ರವಾದದ್ದು. ಪಾದ್ರಿಗಳನ್ನು ರಾಜನ ಕೋರ್ಟು ಗಲ್ಲಿಗೇರಿಸುವಂತಿಲ್ಲ ಎಂಬ ವಿನಾಯಿತಿ ಕಾಲಕ್ರಮೇಣ ಓದು ಬರುವ ಎಲ್ಲರಿಗೂ ಹಬ್ಬಿತು. ಓದು ಬರುತ್ತದೆಯೇ ಎಂದು ಪರೀಕ್ಷಿಸಲು ಬೈಬಲಿನ 51ನೇ ಕೀರ್ತನೆಯ ಮೊದಲ ಚರಣವನ್ನು ಓದಿಸುತ್ತಿದ್ದರು. ಅಕ್ಷರ ಬಾರದವರು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದು ಪ್ರಾಣ ಉಳಿಸಿಕೊಂಡರು. ಈ ಸವಲತ್ತು ಪಾದ್ರಿಯಲ್ಲದವನಿಗೆ ಒಂದೇ ಸಲ. ಎರಡನೇ ಸಲ ಬಂದರೆ ಗುರುತು ಸಿಗಲಿ ಎಂದು ಹೆಬ್ಬೆರಳಿಗೆ ಕಾದ ಕಬ್ಬಿಣದ ಬರೆ ಹಾಕುತ್ತಿದ್ದರು. ಮೊದಲ ತಪ್ಪಿಗೆ ರಿಯಾಯಿತಿ ಕೊಡಬೇಕಾದರೆ ಇದು ಮೊದಲನೆಯದೇ ಎಂದು ತಿಳಿಯುವ ದಾಖಲೆ ಬೇಕು. ಆ ಕಾಲದಲ್ಲಿ ಆ ದಾಖಲೆಯನ್ನು ಮನುಷ್ಯನ ಮೈಮೇಲೇ ಬರೆದರು. 1827ರಲ್ಲಿ ಇಂಗ್ಲೆಂಡ್ ಈ ಪದ್ಧತಿಯನ್ನು ರದ್ದು ಮಾಡಿತು.

ಬಾಸ್ಟನ್ನಿನಲ್ಲೇ ಆಗಸ್ಟಸ್‌ಗೆ ಹತ್ತು ವರ್ಷ ಮುಂಚೆ ನಡೆದ ಇನ್ನೊಂದು ಕೇಸು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. 1830ರಲ್ಲಿ ಜೆರುಶಾ ಚೇಸ್ ಎಂಬ ಹೆಣ್ಣುಮಗಳು ಕಳ್ಳತನದ ಆರೋಪವನ್ನು ಒಪ್ಪಿಕೊಂಡಳು. ಅವಳ ಕಡೆಯವರು ಕೇಳಿಕೊಂಡರು, ಸರ್ಕಾರಿ ವಕೀಲರು ಆಕ್ಷೇಪಿಸಲಿಲ್ಲ, ನ್ಯಾಯಾಧೀಶ ಪೀಟರ್ ಆಕ್ಸನ್‌ಬ್ರಿಜ್ ಥ್ಯಾಚರ್ ಶಿಕ್ಷೆ ಹೇಳದೆ, ಕರೆದಾಗ ಬರಬೇಕು ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಮಾರನೆಯ ವರ್ಷ ಅವಳ ಮೇಲೆ ಮತ್ತೊಂದು ಕಳ್ಳತನದ ಕೇಸು ಬಂತು. ಅದರಲ್ಲಿ ಜ್ಯೂರಿ ಅವಳನ್ನು ನಿರ್ದೋಷಿ ಎಂದಿತು. ಆದರೂ ಹಳೆಯ ಕಡತ ತೆಗೆದು, ಅದರ ಮೇಲೆ ಶಿಕ್ಷೆ ಹೇಳಿದರು.

ಕಾನೂನಿನ ಮಟ್ಟಿಗೆ ಇದು ಸರಿ. ಶಿಕ್ಷೆ ಹೇಳುವ ಅಧಿಕಾರ ಮುಂದೂಡಿದ ಮಾತ್ರಕ್ಕೆ ಸಾಯುವುದಿಲ್ಲ ಎಂಬ ತತ್ವ ಇಲ್ಲಿ ಗಟ್ಟಿಯಾಯಿತು. ಆದರೆ ಆ ಒಂದು ವರ್ಷ ಚೇಸ್‌ಳ ತಲೆಯ ಮೇಲೆ ಕತ್ತಿ ತೂಗುತ್ತಿತ್ತು ಎನ್ನುವುದನ್ನು ಬಿಟ್ಟರೆ ಕೋರ್ಟಿನ ಏರ್ಪಾಡಿನಲ್ಲಿ ಬೇರೇನೂ ಇರಲಿಲ್ಲ. ಅವಳ ಮೇಲೆ ಕಣ್ಣಿಟ್ಟು, ಅವಳಿಗೊಂದು ಕೆಲಸ ಹುಡುಕಿ, ಅವಳ ಪರವಾಗಿ ಬಂದು ಮಾತಾಡುವ ಹೊಣೆಯನ್ನು ಕೋರ್ಟು ಯಾರಿಗೂ ವಹಿಸಿರಲಿಲ್ಲ. ಆಗಸ್ಟಸ್ ತುಂಬಿದ್ದು ಆ ಜಾಗವನ್ನು.

ಅವರು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇವತ್ತಿನ ಪ್ರೊಬೇಷನ್ ಅಧಿಕಾರಿಯ ಕೆಲಸವೆಲ್ಲ ಅದರೊಳಗೇ ಇದೆ. ಮೊದಲ ವರ್ಷ ಕುಡಿತದ ಕೇಸುಗಳು ಮಾತ್ರ. 1843ರಲ್ಲಿ ಮಕ್ಕಳನ್ನೂ ತೆಗೆದುಕೊಳ್ಳಲು ಶುರುಮಾಡಿದರು: ಎಂಟು ಮತ್ತು ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು, ಹನ್ನೊಂದರ ಒಬ್ಬ ಹುಡುಗ. ಯಾರನ್ನು ಬೇಕೆಂದರೆ ಅವರನ್ನು ಬಿಡಿಸಿಕೊಂಡು ಬರುತ್ತಿರಲಿಲ್ಲ. ಹೆಚ್ಚಾಗಿ ಮೊದಲ ಸಲ ಸಿಕ್ಕಿಬಿದ್ದವರನ್ನು ಆರಿಸಿಕೊಂಡರು. ನೋಡುತ್ತಿದ್ದದ್ದು ಮೂರು ವಿಷಯ: ಈ ತನಕ ಆತನ ನಡತೆ ಹೇಗಿತ್ತು, ವಯಸ್ಸೆಷ್ಟು, ಇಲ್ಲಿಂದ ಹೊರಗೆ ಹೋದರೆ ಎಂಥವರ ನಡುವೆ ಬದುಕಬೇಕಾಗುತ್ತದೆ. ಮೂರನೆಯದನ್ನು ದಯವಿಟ್ಟು ಗಮನಿಸಿ. ಮೊದಲೆರಡನ್ನು ಪೊಲೀಸ್ ಕಾಗದಪತ್ರ ನೋಡಿ ತಿಳಿಯಬಹುದು. ಮೂರನೆಯದಕ್ಕೆ ಮನೆಗೆ, ಬೀದಿಗೆ ಹೋಗಿ ನೋಡಲೇಬೇಕು. ಮನೆಯ ವಾತಾವರಣ ಕೆಟ್ಟಿದ್ದರೆ ಬೇರೆ ಕಡೆ ಇಡಬೇಕು, ಹಾಗಾಗಿ ಎಷ್ಟೋ ಜನರನ್ನು ಅವರು ತಮ್ಮ ಸ್ವಂತ ಮನೆಯಲ್ಲೇ ಇಟ್ಟುಕೊಂಡರು.

ಕೋರ್ಟಿಗೆ ಅವರು ಕೊಡುತ್ತಿದ್ದ ಮಾತೂ ಹೀಗೇ ಖಚಿತ. ಇವರ ನಡತೆಯ ಮೇಲೆ ಗಮನ ಇಡುತ್ತೇನೆ, ಶಾಲೆಗೆ ಹಾಕುತ್ತೇನೆ ಅಥವಾ ಪ್ರಾಮಾಣಿಕ ಉದ್ಯೋಗ ಕೊಡಿಸುತ್ತೇನೆ, ಕೇಳಿದಾಗ ಪಕ್ಷಪಾತವಿಲ್ಲದ ವರದಿ ಕೊಡುತ್ತೇನೆ. ವರದಿ ಪಕ್ಷಪಾತವಿಲ್ಲದೆ ಇರಬೇಕು ಎನ್ನುವುದು ಸಣ್ಣ ವಿಷಯವಲ್ಲ. ಜಾಮೀನು ನಿಂತವನಿಗೆ ತನ್ನ ಕಡೆಯವನನ್ನು ಹೊಗಳುವ ಆಸೆ ಇದ್ದೇ ಇರುತ್ತದೆ. ಒಂದು ಸಲ ಸುಳ್ಳು ವರದಿ ಎಂದು ಗೊತ್ತಾದರೆ ನ್ಯಾಯಾಧೀಶರು ಮುಂದಿನ ನೂರು ಜನರ ಅರ್ಜಿ ತಳ್ಳಿಹಾಕುತ್ತಾರೆ.

1847ರ ಒಂದು ಉದಾಹರಣೆ. ಏಳರಿಂದ ಹದಿನೈದು ವರ್ಷದೊಳಗಿನ 19 ಹುಡುಗರಿಗೆ ಆಗಸ್ಟಸ್ ಜಾಮೀನು ನಿಂತರು. ಇವರ ಕೇಸುಗಳನ್ನು ಪರೀಕ್ಷಾ ಅವಧಿ ಎಂದು ಕೆಲವು ತಿಂಗಳು ಮುಂದೂಡುತ್ತ ಹೋಗುವುದಕ್ಕೆ ಕೋರ್ಟು ಒಪ್ಪಿತ್ತು. ಪ್ರತಿ ತಿಂಗಳು ಕೇಸು ಕೂಗಿದಾಗ ಆಗಸ್ಟಸ್ ಹಾಜರಾಗಿ ವರದಿ ಒಪ್ಪಿಸಬೇಕು, ಕೇಸು ಮುಂದಿನ ತಿಂಗಳಿಗೆ ಹೋಗಬೇಕು. ಹೀಗೆ ಐದಾರು ತಿಂಗಳು ನಡೆಯಿತು. ಅವಧಿ ಮುಗಿದ ಮೇಲೆ ಅವರಲ್ಲಿ 12 ಹುಡುಗರನ್ನು ಒಟ್ಟಿಗೇ ಕೋರ್ಟಿಗೆ ಕರೆತಂದರು. ಅವರನ್ನು ನೋಡಿ ನ್ಯಾಯಾಧೀಶರಿಗೆ ಸಂತೋಷವೂ ಆಯಿತು, ಆಶ್ಚರ್ಯವೂ ಆಯಿತು. ಕಾನೂನಿನ ಉದ್ದೇಶ ಈಡೇರಿದೆ ಎಂದರು. ತಲಾ 10 ಸೆಂಟ್ ದಂಡ. ಅಷ್ಟನ್ನೂ ಕಟ್ಟಲಾಗದವರು 7 ಹುಡುಗರಿದ್ದರು. ಅವರ ದಂಡವನ್ನು ಆಗಸ್ಟಸ್ ಕಟ್ಟಿದರು.

ಎರಡು ವಿಷಯ ಇಲ್ಲಿಂದ ತೆಗೆದುಕೊಳ್ಳಿ. ಕುಡುಕನಿಗೆ ಮೂರು ವಾರ ಸಾಕಾಗಿತ್ತು, ಹುಡುಗರಿಗೆ ಐದಾರು ತಿಂಗಳು ಬೇಕಾಯಿತು. ಹಾಗಾಗಿ ಎಲ್ಲರಿಗೂ ಒಂದೇ ಅವಧಿ ಎಂದು ಅಚ್ಚು ಹೊಡೆದ ನಮೂನೆಯಲ್ಲಿ ತುಂಬುವುದು ತಪ್ಪು. ಇನ್ನೊಂದು, ತಿಂಗಳಿಗೊಮ್ಮೆ ಕೋರ್ಟು ವಿಚಾರಿಸುತ್ತಿತ್ತು. ಕೋರ್ಟು ನಮ್ಮನ್ನು ಮರೆತಿಲ್ಲ ಎಂದು ಹುಡುಗನಿಗೂ ಗೊತ್ತಿರಬೇಕು, ಹೊಣೆ ಹೊತ್ತವನಿಗೂ ಗೊತ್ತಿರಬೇಕು.

ವಿರೋಧ ಬಾರದೆ ಇರಲಿಲ್ಲ. ಅದು ಎಲ್ಲಿಂದ ಬಂತು ಎಂಬುದನ್ನು ಕೇಳಿ. ಆಗ ಕೋರ್ಟಿನ ಮತ್ತು ಜೈಲಿನ ಕೆಳಗಿನ ಅಧಿಕಾರಿಗಳಿಗೆ ಸಂಬಳಕ್ಕಿಂತ ಶುಲ್ಕವೇ ಆಧಾರ. ಒಬ್ಬನನ್ನು ಜೈಲಿಗೆ ಸಾಗಿಸಿದರೆ 62ರಿಂದ 75 ಸೆಂಟ್ ಸಿಗುತ್ತಿತ್ತು. ಆಗಸ್ಟಸ್ ಒಬ್ಬನನ್ನು ಬಿಡಿಸಿಕೊಂಡು ಹೋದರೆ ಅಷ್ಟು ಹಣ ಕೈತಪ್ಪಿತು. ಜನರ ಸುರಕ್ಷತೆ, ಶಿಕ್ಷೆಯ ಭಯ ಎಂದು ಎಷ್ಟೋ ವಾದ ಎದ್ದವು, ಆ ವಾದಗಳಲ್ಲಿ ಕೆಲವಕ್ಕೆ ತೂಕವೂ ಇತ್ತು. ಆದರೆ ಯಾವುದೇ ಸುಧಾರಣೆಗೆ ಅಡ್ಡಿ ಬಂದಾಗ ಹಣ ಯಾರ ಜೇಬಿಗೆ ಹೋಗುತ್ತಿತ್ತು ಎಂದು ನೋಡುವುದು ಒಳ್ಳೆಯದು. ಆಗಸ್ಟಸ್‌ಗೆ ಮಾತ್ರ ಯಾವ ಕಡೆಯಿಂದಲೂ ಸಂಬಳ ಇರಲಿಲ್ಲ. ಮೊದಲು ಸ್ವಂತ ದುಡಿಮೆ ಸುರಿದರು, ವ್ಯಾಪಾರ ಕೆಟ್ಟಿತು. ಆಮೇಲೆ ಥಿಯೋಡರ್ ಪಾರ್ಕರ್ ಮೊದಲಾದ ಬಾಸ್ಟನ್ನಿನ ಸುಧಾರಕರು ಹಣ ಕೂಡಿಸಿ ಕೊಟ್ಟರು. 1852ರಲ್ಲಿ ಹತ್ತು ವರ್ಷದ ಕೆಲಸದ ಲೆಕ್ಕವನ್ನು ಪುಸ್ತಿಕೆಯಾಗಿ ಅಚ್ಚುಹಾಕಿಸಿದರು. ನಾನು ಹೇಳಿದ ವಿವರಗಳೆಲ್ಲ ಉಳಿದಿರುವುದು ಅವರು ಹೀಗೆ ಬರೆದಿಟ್ಟಿದ್ದರಿಂದ. 1858ರ ಹೊತ್ತಿಗೆ ಅವರು ಜಾಮೀನು ನಿಂತವರು 1,946 ಜನ: 1,152 ಗಂಡಸರು, 794 ಹೆಂಗಸರು. ಅವರಲ್ಲಿ ಜಾಮೀನು ಮುರಿದು ಓಡಿಹೋದವರು ಬೆರಳೆಣಿಕೆ. 1859ರ ಜೂನ್ 21ರಂದು ತೀರಿಕೊಂಡಾಗ ಅವರ ಹತ್ತಿರ ಆಸ್ತಿ ಎನ್ನುವಂಥದ್ದು ಉಳಿದಿರಲಿಲ್ಲ.

ಓಡಿಹೋದವರು ಅಷ್ಟು ಕಡಿಮೆ ಎಂದ ಮಾತ್ರಕ್ಕೆ ಈ ಪದ್ಧತಿ ಎಲ್ಲರಿಗೂ ಹಾಗೇ ಫಲಿಸುತ್ತದೆ ಎಂದು ಹಿಗ್ಗಬೇಡಿ. ಆಯ್ಕೆ ಎಚ್ಚರದಿಂದ ನಡೆದಿತ್ತು, ಆಯ್ದವರ ಮೇಲೆ ಒಬ್ಬ ಮನುಷ್ಯ ತನ್ನ ಹದಿನೆಂಟು ವರ್ಷವನ್ನು ಇಟ್ಟಿದ್ದ. ಆಯ್ಕೆ ಸಡಿಲವಾಗಿ, ಒಬ್ಬ ಅಧಿಕಾರಿಯ ಕೈಗೆ ನೂರಾರು ಕಡತ ಬಿದ್ದರೆ ಅದೇ ಫಲಿತಾಂಶ ಕೇಳುವಂತಿಲ್ಲ.

ಒಬ್ಬ ಮನುಷ್ಯನ ಜೀವಮಾನಕ್ಕೆ ಕಟ್ಟುಬಿದ್ದ ಕೆಲಸವನ್ನು ಹುದ್ದೆಯಾಗಿ ಮಾಡುವುದಕ್ಕೆ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ನಡುವೆ ಬಾಸ್ಟನ್ ಜೈಲಿನ ಪಾದ್ರಿ ರೂಫಸ್ ಕುಕ್ ಮುಂತಾದವರು ಸ್ವಯಂಸೇವಕರಾಗಿ ಮುಂದುವರಿಸಿದರು. 1869ರಲ್ಲಿ ಮಕ್ಕಳ ಕೇಸುಗಳಿಗೆ ರಾಜ್ಯ ಸರ್ಕಾರದ ಪ್ರತಿನಿಧಿಯೊಬ್ಬರು ಬಂದರು. 1878ರ ಕಾಯ್ದೆ ಬಾಸ್ಟನ್ನಿನ ಮೇಯರಿಗೆ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸುವ ಅಧಿಕಾರ ಕೊಟ್ಟಿತು. ಮೊದಲು ನೇಮಕವಾದವರು ಎಡ್ವರ್ಡ್ ಸ್ಯಾವೇಜ್, ನಗರದ ಪೊಲೀಸ್ ಮುಖ್ಯಸ್ಥರಾಗಿದ್ದವರು. 1880ರಲ್ಲಿ ಇತರ ನಗರ ಪಟ್ಟಣಗಳಿಗೂ ಅವಕಾಶ ಕೊಟ್ಟರು, ಆದರೆ ಕಡ್ಡಾಯ ಮಾಡಲಿಲ್ಲ, ಹೆಚ್ಚಿನವು ಸುಮ್ಮನಿದ್ದವು. 1891ರಲ್ಲಿ ಕಡ್ಡಾಯ ಮಾಡಿ, ನೇಮಕದ ಅಧಿಕಾರವನ್ನು ಮೇಯರಿನಿಂದ ಕೋರ್ಟಿಗೆ ವರ್ಗಾಯಿಸಿದರು. ಈ ವರ್ಗಾವಣೆ ದೊಡ್ಡದು ಎಂದು ನನ್ನ ಅಭಿಪ್ರಾಯ. ವರದಿ ಓದುವವರು ನ್ಯಾಯಾಧೀಶರು. ವರದಿ ಬರೆಯುವವರು ನಗರಸಭೆಯ ರಾಜಕೀಯದ ಹಂಗಿನಲ್ಲಿದ್ದರೆ ಆ ವರದಿಗೆ ಬೆಲೆ ಇರುವುದಿಲ್ಲ.

ಇಷ್ಟೆಲ್ಲ ಆಗುವ ಹೊತ್ತಿಗೆ ಮೂಲ ಪ್ರಶ್ನೆಯೊಂದು ಬಗೆಹರಿಯದೆ ಉಳಿದಿತ್ತು. ಶಾಸನಸಭೆ ಇಷ್ಟು ವರ್ಷ ಎಂದು ಶಿಕ್ಷೆ ಬರೆದಿರುವಾಗ, ಅದನ್ನು ತಡೆಹಿಡಿಯಲು ನ್ಯಾಯಾಧೀಶರಿಗೆ ಅಧಿಕಾರ ಎಲ್ಲಿಂದ ಬಂತು? ಒಹಾಯೋದ ಟೊಲೆಡೊ ನಗರದಲ್ಲಿ ಬ್ಯಾಂಕ್ ನೌಕರನೊಬ್ಬ ಲೆಕ್ಕ ತಿದ್ದಿ 4,700 ಡಾಲರ್ ದುರುಪಯೋಗ ಮಾಡಿದ. ತಪ್ಪೊಪ್ಪಿಕೊಂಡ, ಹಣ ಪೂರ್ತಿ ವಾಪಸು ಕೊಟ್ಟ, ಬ್ಯಾಂಕಿನವರಿಗೇ ಕೇಸು ಬೇಡವಾಗಿತ್ತು. ಆ ಅಪರಾಧಕ್ಕೆ ಕನಿಷ್ಠ ಶಿಕ್ಷೆ ಐದು ವರ್ಷ. ಜಿಲ್ಲಾ ನ್ಯಾಯಾಧೀಶ ಜಾನ್ ಕಿಲ್ಲಿಟ್ಸ್ ಐದು ವರ್ಷದ ಶಿಕ್ಷೆ ಹೇಳಿ, ಸನ್ನಡತೆ ಇರುವ ತನಕ ಅದು ಅಮಾನತಿನಲ್ಲಿರಲಿ ಎಂದರು. ಸರ್ಕಾರ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1916ರಲ್ಲಿ ತೀರ್ಪು ಬಂತು. ಸ್ವಲ್ಪ ಕಾಲ ತಡೆಯುವುದು ಬೇರೆ, ಕಾಯಮ್ಮಾಗಿ ಜಾರಿ ಮಾಡದಿರುವುದು ಬೇರೆ. ಎರಡನೆಯದು ಕೋರ್ಟಿನ ಸಹಜ ಅಧಿಕಾರದೊಳಗೆ ಇಲ್ಲ, ಬೇಕಿದ್ದರೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾಯ್ದೆ ಮಾಡಲಿ ಎಂದು ಹೇಳಿತು. ಆ ತನಕ ಹೀಗೆ ಶಿಕ್ಷೆ ಅಮಾನತಿನಲ್ಲಿದ್ದವರ ಗತಿ ಅತಂತ್ರವಾಯಿತು. 1917ರ ಜೂನ್‌ನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಸಾಮೂಹಿಕ ಕ್ಷಮಾದಾನ ಘೋಷಿಸಿ ಅವರನ್ನು ಕಾಪಾಡಬೇಕಾಯಿತು. ಕೇಂದ್ರ ಮಟ್ಟದ ಪ್ರೊಬೇಷನ್ ಕಾಯ್ದೆಗೆ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಸಹಿ ಹಾಕಿದ್ದು 1925ರ ಮಾರ್ಚ್ 4ರಂದು. ಮ್ಯಾಸಚೂಸೆಟ್ಸ್ ಕಾಯ್ದೆ ಬಂದು ಆಗಲೇ 47 ವರ್ಷವಾಗಿತ್ತು.

ಈಗ ಇಂಗ್ಲೆಂಡಿಗೆ ಬರೋಣ. ನಮ್ಮ ಕಾಯ್ದೆಯ ಬೇರು ಅಲ್ಲಿದೆ. ಕಾಕತಾಳೀಯವೇ ಇರಬೇಕು, ಅದೇ 1841ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿ ನ್ಯಾಯಾಧೀಶ ಮ್ಯಾಥ್ಯೂ ಡೇವನ್‌ಪೋರ್ಟ್ ಹಿಲ್ ಇಂಥದ್ದೇ ಪ್ರಯೋಗ ನಡೆಸಿದರು. ಚಿಕ್ಕ ವಯಸ್ಸಿನ ಅಪರಾಧಿಯನ್ನು ತಂದೆತಾಯಿಗೋ ಕೆಲಸ ಕೊಟ್ಟ ಯಜಮಾನನಿಗೋ ಒಪ್ಪಿಸುವುದು, ಹೆಸರುಗಳ ದಾಖಲೆ ಪುಸ್ತಕ ಇಡುವುದು, ಆಗಾಗ ಪೊಲೀಸರನ್ನು ಕಳಿಸಿ ಹುಡುಗ ಹೇಗಿದ್ದಾನೆ ಎಂದು ವಿಚಾರಿಸುವುದು. ಆಗಸ್ಟಸ್ ಪ್ರೇಕ್ಷಕರ ಬೆಂಚಿನಿಂದ ಎದ್ದು ಬಂದವರು, ಹಿಲ್ ಪೀಠದ ಮೇಲೆ ಕೂತವರು. ಇಬ್ಬರೂ ತಲುಪಿದ್ದು ಒಂದೇ ಕಡೆಗೆ.

1876ರಲ್ಲಿ ಫ್ರೆಡ್ರಿಕ್ ರೈನರ್ ಎಂಬ ಮುದ್ರಣಕಾರರು ಚರ್ಚ್ ಆಫ್ ಇಂಗ್ಲೆಂಡಿನ ಪಾನವಿರೋಧಿ ಸಂಘಕ್ಕೆ ಒಂದು ಕಾಗದ ಬರೆದರು. ಒಂದು ಸಲ ಪೊಲೀಸ್ ಕೋರ್ಟಿಗೆ ಬಂದವನು ಮತ್ತೆ ಮತ್ತೆ ಅಲ್ಲಿಗೇ ಬರುತ್ತಾನೆ, ಅವನಿಗೆ ಬೇರೆ ದಾರಿಯೇ ಇಲ್ಲ, ಇದಕ್ಕೇನಾದರೂ ಮಾಡಿ ಎಂದು ಕೇಳಿ, ಜೊತೆಗೆ 5 ಶಿಲಿಂಗ್ ಇಟ್ಟು ಕಳಿಸಿದರು. ಸಂಘ ಸೈನ್ಯದಿಂದ ನಿವೃತ್ತನಾದ ಜಾರ್ಜ್ ನೆಲ್ಸನ್‌ನನ್ನು ಲಂಡನ್ನಿನ ಪೊಲೀಸ್ ಕೋರ್ಟುಗಳಿಗೆ ಪ್ರಚಾರಕನಾಗಿ ನೇಮಿಸಿತು. 1880ರ ಹೊತ್ತಿಗೆ ಇಂಥ ಎಂಟು ಮಂದಿ ಪೂರ್ಣಾವಧಿಗೆ ದುಡಿಯುತ್ತಿದ್ದರು. ಮೊದಲು ಇವರ ಕೆಲಸ ಕುಡಿತ ಬಿಡಿಸುವ ಪ್ರತಿಜ್ಞೆ ಮಾಡಿಸುವುದು. ಮ್ಯಾಜಿಸ್ಟ್ರೇಟರು ಇವರ ಕೈಲಿ ಮನೆ ವಿಚಾರಿಸಿಕೊಂಡು ಬರುವ ಕೆಲಸ ಮಾಡಿಸತೊಡಗಿದ ಮೇಲೆ, ಕಾಯ್ದೆ ಇಲ್ಲದೆಯೇ ಪ್ರೊಬೇಷನ್ ನಡೆಯತೊಡಗಿತು.

ಕಾಯ್ದೆ ಬಂದಾಗಲೇ ಎಡವಟ್ಟಾದದ್ದು. ಪಾರ್ಲಿಮೆಂಟ್ ಸದಸ್ಯ ಹೊವಾರ್ಡ್ ವಿನ್ಸೆಂಟ್ ಬಾಸ್ಟನ್ನಿನ ವ್ಯವಸ್ಥೆ ನೋಡಿ ಬಂದು ಮಸೂದೆ ತಂದರು. ಅದರಲ್ಲಿ ಮೇಲ್ವಿಚಾರಣೆಯ ಅಂಶ ಇತ್ತು, ಆದರೆ ಪೊಲೀಸರ ಮೇಲ್ವಿಚಾರಣೆ. ಅದಕ್ಕೆ ವಿರೋಧ ಬಂತು; ವಿರೋಧಿಸಿದ್ದು ಸರಿಯೇ. ಆದರೆ ಪೊಲೀಸರ ಬದಲು ಬೇರೆಯವರನ್ನು ಇಡುವ ಬದಲಿಗೆ ಮೇಲ್ವಿಚಾರಣೆಯನ್ನೇ ಕಿತ್ತುಹಾಕಿದರು. 1887ರ ಮೊದಲ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯಲ್ಲಿ ಉಳಿದದ್ದು ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ಮಾತ್ರ. ಹೆಸರು ಪ್ರೊಬೇಷನ್, ಒಳಗೆ 1830ರ ಥ್ಯಾಚರ್ ಪದ್ಧತಿ.

ನಮ್ಮ ದೇಶಕ್ಕೆ ಬಂದದ್ದು ಇದೇ ಕುಂಟು ಕಾಯ್ದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಮನ್ನು 1887ರ ಇಂಗ್ಲಿಷ್ ಕಾಯ್ದೆಯ ಪಕ್ಕ ಇಟ್ಟು ಓದಿ. ಹಿಂದೆ ಶಿಕ್ಷೆ ಆಗಿರಬಾರದು. ಕಳ್ಳತನ, ವಂಚನೆ, ಇಲ್ಲವೇ ಎರಡು ವರ್ಷ ಮೀರದ ಶಿಕ್ಷೆಯ ಅಪರಾಧ ಆಗಿರಬೇಕು. ವಯಸ್ಸು, ನಡತೆ, ಪೂರ್ವಚರಿತ್ರೆ, ಸಂದರ್ಭ ನೋಡಿ ಮುಚ್ಚಳಿಕೆಯ ಮೇಲೆ ಬಿಡಬಹುದು. ಈ ನಡತೆ, ಪೂರ್ವಚರಿತ್ರೆಗಳನ್ನು ಯಾರು ವಿಚಾರಿಸಿ ತರಬೇಕು? ಕಲಮಿನಲ್ಲಿ ಉತ್ತರವಿಲ್ಲ. ಬಿಟ್ಟ ಮೇಲೆ ಯಾರು ನೋಡಿಕೊಳ್ಳಬೇಕು? ಅದಕ್ಕೂ ಉತ್ತರವಿಲ್ಲ. 1923ರ ತಿದ್ದುಪಡಿ ಇಪ್ಪತ್ತೊಂದರೊಳಗಿನವರಿಗೂ ಹೆಂಗಸರಿಗೂ ವ್ಯಾಪ್ತಿ ಹಿಗ್ಗಿಸಿತು, ಆ ಎರಡು ಪ್ರಶ್ನೆಗಳನ್ನು ಮುಟ್ಟಲಿಲ್ಲ.

ಇಂಗ್ಲೆಂಡ್ ತನ್ನ ತಪ್ಪನ್ನು 1907ರಲ್ಲಿ ತಿದ್ದಿಕೊಂಡಿತು. ಮುಚ್ಚಳಿಕೆ ಗರಿಷ್ಠ ಮೂರು ವರ್ಷ, ಅದರ ಜೊತೆಗೆ ಹೆಸರಿಸಿದ ಪ್ರೊಬೇಷನ್ ಅಧಿಕಾರಿ. ಭೇಟಿ ಕೊಡುವುದು, ಷರತ್ತು ಪಾಲನೆ ನೋಡುವುದು, ಕೋರ್ಟಿಗೆ ವರದಿ ಕೊಡುವುದು, ಬುದ್ಧಿ ಹೇಳಿ ನೆರವಾಗಿ ಸ್ನೇಹದಿಂದಿರುವುದು, ಬೇಕಾದರೆ ಕೆಲಸ ಹುಡುಕಿಕೊಡುವುದು ಅವನ ಕರ್ತವ್ಯ ಎಂದು ಕಾಯ್ದೆಯಲ್ಲೇ ಬರೆದರು. ನಮ್ಮಲ್ಲಿ ಪ್ರಾಂತಗಳು ಮೊದಲು ಹೆಜ್ಜೆ ಇಟ್ಟವು: ಮದ್ರಾಸಿನ 1936ರ ಕಾಯ್ದೆ, ಮುಂಬೈನ 1938ರ ಕಾಯ್ದೆ. ಮಂಗಳೂರು ಬಳ್ಳಾರಿ ಆಗ ಮದ್ರಾಸಿಗೆ, ಧಾರವಾಡ ಬೆಳಗಾವಿ ಮುಂಬೈಗೆ ಸೇರಿದ್ದರಿಂದ ಕನ್ನಡನಾಡಿನ ಈ ಭಾಗಗಳು ಆ ಪ್ರಾಂತೀಯ ಕಾಯ್ದೆಗಳ ವ್ಯಾಪ್ತಿಗೆ ಬಂದವು. ಇಡೀ ದೇಶಕ್ಕೆ ಒಂದು ಕಾಯ್ದೆ ಎಂದು ಬಂದದ್ದು 1958ರಲ್ಲಿ.

1958ರ ಕಾಯ್ದೆಯನ್ನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೆಲಸ ಮಾಡುವ ನೀವು ಹೇಗೆ ಬಳಸಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ.

3ನೇ ಕಲಮು ಬರೀ ಎಚ್ಚರಿಕೆ ಕೊಟ್ಟು ಬಿಡುವುದಕ್ಕೆ. ಅದು ಸಿಗಬೇಕಾದರೆ ಹಿಂದಿನ ಶಿಕ್ಷೆ ಸಾಬೀತಾಗಿರಬಾರದು. 4ನೇ ಕಲಮು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವುದಕ್ಕೆ, ಗರಿಷ್ಠ ಮೂರು ವರ್ಷ. ಮರಣದಂಡನೆ ಅಥವಾ ಜೀವಾವಧಿ ಇರುವ ಅಪರಾಧಗಳಿಗೆ ಇದು ಇಲ್ಲ. ಆದರೆ ಹಿಂದಿನ ಶಿಕ್ಷೆ ಇರಬಾರದು ಎಂಬ ಷರತ್ತು 4ರಲ್ಲಿ ಇಲ್ಲ. ಎರಡನ್ನೂ ಕಲಸಿಕೊಂಡು, ಹಳೆಯ ಸಣ್ಣ ಕೇಸೊಂದು ಇದೆ ಎಂದ ಕೂಡಲೇ 4ರ ಅರ್ಜಿಯನ್ನೇ ಕೈಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಮಾದಕ ವಸ್ತು, ಭ್ರಷ್ಟಾಚಾರದಂಥ ವಿಶೇಷ ಕಾಯ್ದೆಗಳಲ್ಲಿ ನಿರ್ಬಂಧ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅಜಾಗರೂಕ ಚಾಲನೆಯಿಂದ ಸಾವಾದ ಕೇಸುಗಳಲ್ಲಿ ಇದನ್ನು ಕೊಡಬಾರದು ಎಂದು 2000ದಲ್ಲಿ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿರುವುದೂ ಗೊತ್ತಿರಲಿ.

4ರಡಿ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ಇದ್ದರೆ ನೋಡಬೇಕು. ಇದ್ದರೆ ಎಂಬಲ್ಲಿಗೇ ಎಷ್ಟೋ ಕೇಸು ಜಾರಿಹೋಗುತ್ತವೆ. ವರದಿ ಯಾರೂ ಕೇಳಲಿಲ್ಲ, ಬರಲಿಲ್ಲ, ಆದೇಶ ಬರೆದದ್ದಾಯಿತು. 6ನೇ ಕಲಮಿನಲ್ಲಿ ಹೀಗೆ ಜಾರಲು ಆಗುವುದಿಲ್ಲ. ಇಪ್ಪತ್ತೊಂದು ತುಂಬದವನನ್ನು ಜೈಲಿಗೆ ಕಳಿಸುವ ಮುಂಚೆ ಕೋರ್ಟು ವರದಿ ತರಿಸಲೇಬೇಕು, 3 ಅಥವಾ 4 ಏಕೆ ಸಲ್ಲದು ಎಂದು ಕಾರಣ ಬರೆಯಲೇಬೇಕು. ವಯಸ್ಸು ಎಣಿಸುವುದು ಅಪರಾಧ ನಡೆದ ದಿನದಿಂದಲ್ಲ, ವಿಚಾರಣಾ ಕೋರ್ಟು ಶಿಕ್ಷೆಯ ಬಗ್ಗೆ ನಿರ್ಧರಿಸುವ ದಿನದಂದು. 1962ರ ರಾಮ್‌ಜಿ ಮಿಸ್ಸರ್ ತೀರ್ಪು ಇದನ್ನು ಹೇಳಿದೆ. ಅಂದರೆ ಇಪ್ಪತ್ತು ವರ್ಷದವನ ಕೇಸು ವಾಯಿದೆ ಮೇಲೆ ವಾಯಿದೆ ಹೋಗುತ್ತಿದ್ದರೆ ಅವನ ಹಕ್ಕು ಸವೆಯುತ್ತಿದೆ ಎಂದರ್ಥ. ವಿಚಾರಣಾ ಕೋರ್ಟಿನಲ್ಲಿ ಕೇಳದೆ ಬಿಟ್ಟಿದ್ದರೆ 11ನೇ ಕಲಮಿನಡಿ ಮೇಲ್ಮನವಿಯಲ್ಲೂ ಕೇಳಬಹುದು. 1964ರ ರತನ್‌ಲಾಲ್ ಪ್ರಕರಣದಲ್ಲಿ ಶಿಕ್ಷೆಯಾದ ಮೂರು ತಿಂಗಳ ಮೇಲೆ ಕಾಯ್ದೆ ಗುರ್‌ಗಾಂವ್ ಜಿಲ್ಲೆಗೆ ಅನ್ವಯವಾಗಿತ್ತು. ಆರೋಪಿ ಹದಿನಾರು ವರ್ಷದವನು. ಏಳು ವರ್ಷದ ಹೆಣ್ಣುಮಗುವಿನ ಮಾನಭಂಗಕ್ಕೆ ಯತ್ನಿಸಿದ ಕೇಸು ಅದು, ಓದುವಾಗ ಮನಸ್ಸು ಒಪ್ಪುವುದಿಲ್ಲ. ಆದರೂ ಮೇಲಿನ ಕೋರ್ಟು 6ನೇ ಕಲಮನ್ನು ಪರಿಗಣಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಬಹುಮತ ತೀರ್ಪು ಹೇಳಿತು. ಪರಿಗಣಿಸುವುದು ಬೇರೆ, ಕೊಡುವುದು ಬೇರೆ ಎಂಬುದನ್ನು ಇಲ್ಲಿ ನೆನಪಿಡಿ.

ಮೇಲ್ವಿಚಾರಣೆಯ ಆದೇಶ ಬೇಕೆಂದು ಪ್ರತ್ಯೇಕವಾಗಿ ಕೇಳಿ. ಹಾಗೆ ಆದೇಶವಾದರೆ ಅದರ ಅವಧಿ ಒಂದು ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಆರೋಪಿಯ ವಕೀಲರು ಇದನ್ನು ಕೇಳುವುದು ಕಡಿಮೆ, ಸುಮ್ಮನೆ ಬಿಟ್ಟರೆ ಸಾಕು ಎನ್ನುತ್ತಾರೆ. ಕುಡಿತಕ್ಕೆ ಬಿದ್ದವನಿಗೆ, ಮನೆಬಿಟ್ಟ ಹುಡುಗನಿಗೆ ಅಧಿಕಾರಿಯೊಬ್ಬರು ಜೊತೆಗಿರುವುದೇ ದೊಡ್ಡ ನೆರವು. ಷರತ್ತುಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ, ಪ್ರತಿ ಕೊಡಿಸಿ. ಅದು ಕಾಯ್ದೆಯಲ್ಲೇ ಇದೆ. ಮೊದಲ ಸಲ ಷರತ್ತು ಮುರಿದರೆ 9ನೇ ಕಲಮಿನಂತೆ ಕೋರ್ಟು 50 ರೂಪಾಯಿಯೊಳಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಬಹುದು, ಇಲ್ಲವೇ ಮೂಲ ಅಪರಾಧಕ್ಕೇ ಶಿಕ್ಷೆ ಹೇಳಬಹುದು. ಸರ್ಕಾರಿ ನೌಕರರಿಗೆ 12ನೇ ಕಲಮು ತೋರಿಸಿ ಕೆಲಸ ಉಳಿಯುತ್ತದೆ ಎಂದು ಭರವಸೆ ಕೊಡಬೇಡಿ. ಶಿಕ್ಷೆಯಿಂದ ತಾನಾಗಿ ಬರುವ ಅನರ್ಹತೆಯನ್ನು ಅದು ತೆಗೆಯುತ್ತದೆ, ತಪ್ಪಿತಸ್ಥ ಎಂಬ ತೀರ್ಮಾನವನ್ನು ಅಳಿಸುವುದಿಲ್ಲ. ಇಲಾಖೆ ತನ್ನ ಕ್ರಮ ಜರುಗಿಸಬಹುದು.

ಕೊನೆಯದಾಗಿ, ಬಡವರು ಸೋಲುವ ಜಾಗ. ಅಪರಾಧಿಗೆ ಅಥವಾ ಜಾಮೀನುದಾರನಿಗೆ ಕೋರ್ಟಿನ ವ್ಯಾಪ್ತಿಯಲ್ಲೋ ಅವನು ಮುಂದೆ ಇರಲಿರುವ ಊರಿನಲ್ಲೋ ಖಾಯಂ ವಾಸಸ್ಥಳ ಇಲ್ಲವೇ ಕಾಯಂ ಉದ್ಯೋಗ ಇರಬೇಕು ಎಂದು 4ನೇ ಕಲಮು ಹೇಳುತ್ತದೆ. ಕಟ್ಟಡದ ಕೆಲಸಕ್ಕೆ ರಾಯಚೂರಿನಿಂದ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿರುವವನಿಗೆ ಇಲ್ಲಿ ವಿಳಾಸ ಇಲ್ಲ ಎಂದು ಅರ್ಜಿ ಬಿದ್ದುಹೋಗುತ್ತದೆ. ಕಲಮನ್ನು ಪೂರ್ತಿ ಓದಿ: ಅಪರಾಧಿ ಅಥವಾ ಜಾಮೀನುದಾರ, ವಾಸ ಅಥವಾ ಉದ್ಯೋಗ, ಈ ಊರು ಅಥವಾ ಮುಂದೆ ಇರುವ ಊರು. ಇವುಗಳಲ್ಲಿ ಒಂದು ಜೋಡಿ ಹೊಂದಿದರೂ ಸಾಕು. ರಾಯಚೂರಿನ ಮನೆಯ ಪಡಿತರ ಚೀಟಿ, ವಾಪಸು ಅಲ್ಲೇ ಇರುತ್ತಾನೆ ಎಂಬ ತಂದೆಯ ಪ್ರಮಾಣಪತ್ರ, ಇಲ್ಲವೇ ಕೆಲಸ ಕೊಟ್ಟ ಮೇಸ್ತ್ರಿಯ ಪತ್ರ, ಇವುಗಳಲ್ಲಿ ಒಂದನ್ನಾದರೂ ತೀರ್ಪಿನ ದಿನಕ್ಕೆ ಮುಂಚೆಯೇ ತರಿಸಿಟ್ಟುಕೊಳ್ಳಿ. ತಪ್ಪಿತಸ್ಥ ಎಂದು ಹೇಳಿದ ಮೇಲೆ ಶಿಕ್ಷೆಯ ಬಗ್ಗೆ ಮಾತಾಡಲು ಹಲವು ಕೋರ್ಟುಗಳಲ್ಲಿ ಅದೇ ಮಧ್ಯಾಹ್ನ ಕರೆಯುತ್ತಾರೆ, ಆಗ ರಾಯಚೂರಿಗೆ ಫೋನು ಮಾಡಿ ಪ್ರಯೋಜನ ಇಲ್ಲ.